ಒಮ್ಮೆಯೂ ಮಂತ್ರಿಯಾಗದ ಶಾಸಕ: ಶಾಂತವೇರಿ ಗೋಪಾಲಗೌಡರು



2022ರ ಮೇ ತಿಂಗಳಲ್ಲಿ ಒಂದು ಸಣ್ಣ ವಿಡಿಯೋ ನಿಮ್ಮ ಮನೆಯ ವಾಟ್ಸಾಪ್ ಗುಂಪಿಗೂ ಬಂದಿರಬೇಕು. ಕೆನಡಾದ ಸಂಸತ್ತಿನಲ್ಲಿ ಚಂದ್ರ ಆರ್ಯ ಎಂಬ ಸದಸ್ಯರು ಎದ್ದು ನಿಂತು ಕನ್ನಡದಲ್ಲಿ ಮಾತನಾಡಿದರು. ಅವರು ತುಮಕೂರು ಜಿಲ್ಲೆಯ ಶಿರಾ ತಾಲ್ಲೂಕಿನವರು. ನಮ್ಮ ಬೇ ಏರಿಯಾದ ಕನ್ನಡದ ಮನೆಗಳಲ್ಲಿ ಅದನ್ನು ನೋಡಿ ಖುಷಿಪಡದವರು ಯಾರೂ ಇರಲಿಲ್ಲ. ಈ ತಿಂಗಳ ಲೇಖನಕ್ಕೆ ಅವರ ಬಗ್ಗೆಯೇ ಬರೆಯೋಣ ಎಂದು ನಾನು ಓದಲು ಶುರು ಮಾಡಿದೆ. ಓದುತ್ತಾ ಹೋದರೆ ಕಥೆ ಹಿಂದಕ್ಕೆ ಹೋಗುತ್ತದೆ. 1967ರಲ್ಲಿ ದೆಹಲಿಯ ಲೋಕಸಭೆಯಲ್ಲಿ ಜೆ.ಎಚ್. ಪಟೇಲರು ಕನ್ನಡದಲ್ಲಿ ಭಾಷಣ ಮಾಡಿದ್ದರು. ಅವರು ಶಿವಮೊಗ್ಗದಿಂದ ಗೆದ್ದ ಸಮಾಜವಾದಿ ಪಕ್ಷದವರು. ಪಟೇಲರಿಗಿಂತ ಇನ್ನೂ ಹಿಂದಕ್ಕೆ ಹೋದರೆ ಅದೇ ಶಿವಮೊಗ್ಗ ಜಿಲ್ಲೆಯ, ಅದೇ ಸಮಾಜವಾದಿ ಗುಂಪಿನ ಒಬ್ಬ ಹಿರಿಯರು ಸಿಗುತ್ತಾರೆ. ಅವರು ದೆಹಲಿಯಲ್ಲಲ್ಲ, ಬೆಂಗಳೂರಿನ ವಿಧಾನಸಭೆಯಲ್ಲೇ ಕನ್ನಡ ಬೇಕು ಎಂದು ಜಗಳ ಮಾಡಬೇಕಾಗಿತ್ತು. ಬೆಂಗಳೂರಿನಲ್ಲಿ! ಅಲ್ಲಿಗೆ ನಾನು ಕೆನಡಾವನ್ನು ಬಿಟ್ಟು ಇವರ ಬಗ್ಗೆ ಓದಲು ಕೂತೆ.

ಅವರೇ ಶಾಂತವೇರಿ ಗೋಪಾಲಗೌಡರು. ನಿಮ್ಮ ಅಜ್ಜ ಅಜ್ಜಿ ಮಲೆನಾಡಿನವರಾದರೆ ಈ ಹೆಸರು ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ನನ್ನ ವಯಸ್ಸಿನವರಿಗೆ ಗೊತ್ತಿರುವುದು ಕಡಿಮೆ.

ಚಿಕ್ಕ ತರಗತಿಯವರಿಗಾಗಿ ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಶಾಸಕ ಅಥವಾ ಎಂ.ಎಲ್.ಎ. ಎಂದರೆ ನಮ್ಮ ಕ್ಯಾಲಿಫೋರ್ನಿಯಾದ ಅಸೆಂಬ್ಲಿ ಮೆಂಬರ್ ಇದ್ದ ಹಾಗೆ. ನಮ್ಮಲ್ಲಿ 80 ಜನ ಸ್ಯಾಕ್ರಮೆಂಟೋಗೆ ಹೋಗಿ ರಾಜ್ಯದ ಕಾನೂನು ಮಾಡುತ್ತಾರೆ. 1952ರಲ್ಲಿ ಮೈಸೂರು ರಾಜ್ಯದಲ್ಲಿ ಹಾಗೆ ಆರಿಸಿ ಬಂದವರು 99 ಜನ. ಆಗ ಅದಕ್ಕೆ ಕರ್ನಾಟಕ ಎಂಬ ಹೆಸರಿರಲಿಲ್ಲ. ಆ ಹೆಸರಿನ ಕಥೆ ಆಮೇಲೆ ಬರುತ್ತದೆ.

ಗೋಪಾಲಗೌಡರು ಹುಟ್ಟಿದ್ದು 1923ರ ಮಾರ್ಚ್ 14ರಂದು, ತೀರ್ಥಹಳ್ಳಿ ತಾಲ್ಲೂಕಿನ ಆರಗದ ಹತ್ತಿರ. ಮನೆಯಲ್ಲಿ ಬಡತನವಿತ್ತು. 1942ರಲ್ಲಿ ಗಾಂಧೀಜಿ ಬ್ರಿಟಿಷರಿಗೆ ದೇಶ ಬಿಟ್ಟು ತೊಲಗಿ ಎಂದಾಗ ಇವರಿಗೆ 19 ವರ್ಷ, ಇನ್ನೂ ವಿದ್ಯಾರ್ಥಿ. ಚಳವಳಿಗೆ ಸೇರಿ ಜೈಲಿಗೆ ಹೋದರು. ಹೊರಗೆ ಬಂದ ಮೇಲೆ ಸಮಾಜವಾದಿ ಪಕ್ಷಕ್ಕೆ ಸೇರಿದರು. ಆ ಪಕ್ಷದ ದೊಡ್ಡ ನಾಯಕರು ರಾಮಮನೋಹರ ಲೋಹಿಯಾ. ಗೋಪಾಲಗೌಡರು ಕೊನೆಯವರೆಗೂ ಲೋಹಿಯಾ ಅವರನ್ನೇ ಗುರು ಎಂದು ನಂಬಿದ್ದರು.

ಈಗ ನಿಮ್ಮನ್ನು ಸಾಗರ ತಾಲ್ಲೂಕಿನ ಕಾಗೋಡು ಎಂಬ ಹಳ್ಳಿಗೆ ಕರೆದುಕೊಂಡು ಹೋಗುತ್ತೇನೆ. ಜೋಗ ಜಲಪಾತ ನೋಡಲು ಹೋದವರು ಸಾಗರದ ಮೇಲೆ ಹೋಗಿರುತ್ತೀರಿ.

ಕಾಗೋಡಿನಲ್ಲಿ ಭತ್ತದ ಗದ್ದೆಗಳು ಒಡೆಯರ ಹೆಸರಿನಲ್ಲಿದ್ದವು. ಉಳುವವರು, ಬಿತ್ತುವವರು, ಕೊಯ್ಯುವವರು ಬೇರೆಯವರು. ಅವರಿಗೆ ಗೇಣಿದಾರರು ಎನ್ನುತ್ತಿದ್ದರು. ಅಲ್ಲಿನ ಗೇಣಿದಾರರಲ್ಲಿ ಹೆಚ್ಚಿನವರು ದೀವರು ಎಂಬ ಸಮುದಾಯದವರು. ಸುಗ್ಗಿ ಮುಗಿದ ಮೇಲೆ ಅವರು ಒಡೆಯರ ಮನೆಗೆ ಗೇಣಿ ಅಳೆಯಬೇಕಾಗಿತ್ತು. ಗೇಣಿ ಎಂದರೆ ಬಾಡಿಗೆ, ಆದರೆ ದುಡ್ಡಿನಲ್ಲಲ್ಲ, ಭತ್ತದಲ್ಲಿ. ಅಳೆಯುವ ಪಾತ್ರೆಯ ಹೆಸರು ಕೊಳಗ.

ಜಗಳ ಶುರುವಾದದ್ದು ಈ ಕೊಳಗದಿಂದಲೇ. ಸರಿಯಾದ ಕೊಳಗಕ್ಕೆ ಇಂತಿಷ್ಟು ಸೇರು ಎಂಬ ಲೆಕ್ಕ ಇತ್ತು. ಆದರೆ ಗೇಣಿ ಅಳೆಸಿಕೊಳ್ಳುವಾಗ ಅದಕ್ಕಿಂತ ದೊಡ್ಡ ಕೊಳಗ ಹೊರಗೆ ಬರುತ್ತಿತ್ತು. ನೀವೇ ಒಂದು ಲೆಕ್ಕ ಮಾಡಿ ನೋಡಿ. ನೂರು ಕೊಳಗ ಭತ್ತ ಕೊಡಬೇಕು ಎಂದು ಮಾತಾಗಿದೆ ಎಂದುಕೊಳ್ಳಿ. ಪಾತ್ರೆ ಕಾಲು ಭಾಗ ದೊಡ್ಡದಾಗಿದ್ದರೆ ನೀವು ಕೊಟ್ಟಿದ್ದು ನೂರಲ್ಲ, 125. ಆದರೆ ಎಣಿಸುವವರ ಬಾಯಲ್ಲಿ ಅದು ನೂರೇ! ಯಾರೂ ಸುಳ್ಳು ಹೇಳಿದ ಹಾಗೆ ಕಾಣುವುದಿಲ್ಲ. ಇತಿಹಾಸದಲ್ಲಿ ಕತ್ತಿ, ಕೋವಿ, ಫಿರಂಗಿ ಎಲ್ಲದರ ಬಗ್ಗೆಯೂ ಓದುತ್ತೇವೆ. ಒಂದು ಪಾತ್ರೆಯಿಂದ ಇಷ್ಟು ಅನ್ಯಾಯ ಮಾಡಬಹುದು ಎಂದು ನಾನು ಯೋಚಿಸಿಯೇ ಇರಲಿಲ್ಲ.

ಗೇಣಿದಾರರು ಕೇಳಿದ್ದು ದೊಡ್ಡ ವಿಷಯಗಳನ್ನೇನೂ ಅಲ್ಲ. ಸರಿಯಾದ ಕೊಳಗದಲ್ಲಿ ಅಳೆಯಿರಿ. ಭತ್ತ ತೆಗೆದುಕೊಂಡದ್ದಕ್ಕೆ ರಸೀದಿ ಕೊಡಿ. ಬಿಟ್ಟಿ ಚಾಕರಿ ಮಾಡಿಸಬೇಡಿ. ಎಚ್. ಗಣಪತಿಯಪ್ಪ ಎಂಬವರು ಊರೂರು ತಿರುಗಿ ರೈತರ ಸಂಘ ಕಟ್ಟಿದರು. ಈ ಚಳವಳಿಯಲ್ಲಿ ಅವರ ಹೆಸರು ಮೊದಲು ಬರಬೇಕು. ಗೋಪಾಲಗೌಡರ ಬಗ್ಗೆ ಬರೆಯುವಾಗ ಎಷ್ಟೋ ಸಲ ಗಣಪತಿಯಪ್ಪನವರನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ, ಅದು ನನಗೆ ಸರಿ ಕಾಣಲಿಲ್ಲ. ಹೊರಗಿನ ನಾಯಕರು ಬರುವ ಮೊದಲೇ ಊರಿನವರು ಎದ್ದು ನಿಂತಿದ್ದರು.

ಒಡೆಯರು ಒಪ್ಪಲಿಲ್ಲ. ಗದ್ದೆ ಬಿಡಿ ಎಂದರು. 1951ರ ಏಪ್ರಿಲ್ 18ರಂದು ಗೇಣಿದಾರರು ನೇಗಿಲು ಹೊತ್ತು ಗದ್ದೆಗೆ ಇಳಿದರು. ಪೊಲೀಸರು ಹಿಡಿದರು. ಮರುದಿನ ಮತ್ತಷ್ಟು ಜನ ಇಳಿದರು. ನೂರಾರು ಜನ ಜೈಲಿಗೆ ಹೋದರು, ಅವರಲ್ಲಿ ಹೆಂಗಸರೂ ಇದ್ದರು. ಸಮಾಜವಾದಿ ಪಕ್ಷ ಇವರ ಬೆನ್ನಿಗೆ ನಿಂತಿತು. ಜಿಲ್ಲೆಯಲ್ಲಿ ಅದರ ಮುಂದಾಳು 28 ವರ್ಷದ ಗೋಪಾಲಗೌಡರು. ಜೂನ್ ತಿಂಗಳಲ್ಲಿ ಲೋಹಿಯಾ ಅವರೇ ಕಾಗೋಡಿಗೆ ಬಂದರು. ಅವರನ್ನು ರಾತ್ರಿ ಹೊತ್ತಿನಲ್ಲಿ ಸಾಗರದ ರೈಲು ನಿಲ್ದಾಣದಲ್ಲಿ ಬಂಧಿಸಿದರು. ಒಂದು ಸಣ್ಣ ಹಳ್ಳಿಯ ಹೆಸರು ದೇಶದ ಪತ್ರಿಕೆಗಳಿಗೆ ಹೋಯಿತು.

ಇದನ್ನು ಓದುವಾಗ ನನಗೆ ನಮ್ಮ ಸಲೀನಾಸ್ ಕಣಿವೆ ನೆನಪಾಯಿತು. ಸ್ಯಾನ್ ಹೋಸೆಯಿಂದ ದಕ್ಷಿಣಕ್ಕೆ ಹೋಗುವಾಗ ರಸ್ತೆಯ ಎರಡೂ ಕಡೆ ಲೆಟಿಸ್ ಹೊಲಗಳು ಕಾಣುತ್ತವಲ್ಲ, ಅಲ್ಲಿ. ಹಿಂದೆ ಆ ಹೊಲಗಳಲ್ಲಿ ಕೆಲಸ ಮಾಡುವವರಿಗೆ ಗಿಡ್ಡ ಹಿಡಿಯ ಗುದ್ದಲಿ ಕೊಡುತ್ತಿದ್ದರು. ಇಡೀ ದಿನ ಬಗ್ಗಿಯೇ ಇರಬೇಕು. ಬೆನ್ನು ಹಾಳಾಗುತ್ತಿತ್ತು. ನೆಟ್ಟಗೆ ನಿಂತವರು ಕೆಲಸ ಮಾಡುತ್ತಿಲ್ಲ ಎಂದು ಮೇಸ್ತ್ರಿಗೆ ದೂರದಿಂದಲೇ ಗೊತ್ತಾಗುತ್ತಿತ್ತು. 1975ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆ ಗುದ್ದಲಿಯನ್ನು ನಿಷೇಧಿಸಿದರು. ಡೆಲಾನೋದ ದ್ರಾಕ್ಷಿ ತೋಟದ ಮುಷ್ಕರ 1965ರಲ್ಲಿ ಶುರುವಾದದ್ದು, ಮೊದಲು ಲ್ಯಾರಿ ಇಟ್ಲಿಯಾಂಗ್ ಅವರ ಜೊತೆಗಿದ್ದ ಫಿಲಿಪಿನೋ ಕೆಲಸಗಾರರು, ಆಮೇಲೆ ಸೀಸರ್ ಚಾವೆಜ್ ಅವರ ಜೊತೆಗಿದ್ದ ಮೆಕ್ಸಿಕನ್ ಕೆಲಸಗಾರರು, ಇದೆಲ್ಲ ನಮಗೆ ಶಾಲೆಯಲ್ಲಿ ಪಾಠ ಆಗಿದೆ. ಹೊಲದ ಕೆಲಸಗಾರರಿಗೆ ಸಂಘ ಕಟ್ಟುವ ಹಕ್ಕು ಕೊಡುವ ಕಾನೂನು ರಾಜ್ಯದಲ್ಲಿ ಬಂದದ್ದು 1975ರಲ್ಲೇ. ಮುಷ್ಕರದಿಂದ ಕಾನೂನಿಗೆ ಹತ್ತು ವರ್ಷ. ಕಾಗೋಡಿನವರು ಅದಕ್ಕಿಂತ ಎರಡು ಪಟ್ಟು ಹೆಚ್ಚು ಕಾಲ ಕಾಯಬೇಕಾಯಿತು.

1952ರಲ್ಲಿ ಸ್ವತಂತ್ರ ಭಾರತದ ಮೊದಲ ಚುನಾವಣೆ. ಗೋಪಾಲಗೌಡರು ಸಾಗರ ಮತ್ತು ಹೊಸನಗರ ಸೇರಿದ ಕ್ಷೇತ್ರದಿಂದ ನಿಂತರು. ಎದುರಿಗೆ ಕಾಂಗ್ರೆಸ್ಸಿನ ಎ.ಆರ್. ಬದರಿನಾರಾಯಣ, ಅನುಕೂಲಸ್ಥ ಮನೆತನದವರು. ಆಗ ಕಾಂಗ್ರೆಸ್ ಎಂದರೆ ಸ್ವಾತಂತ್ರ್ಯ ತಂದ ಪಕ್ಷ. ರಾಜ್ಯದಲ್ಲಿ 99ರಲ್ಲಿ 74 ಸ್ಥಾನ ಅದೇ ಗೆದ್ದಿತು. ಅಂಥ ಗಾಳಿಯಲ್ಲಿ 29 ವರ್ಷದ, ಕೈಯಲ್ಲಿ ದುಡ್ಡಿಲ್ಲದ ಹುಡುಗ ಗೆದ್ದು ಬಂದರು. ಗೇಣಿದಾರರಿಗೆ ಅದು ಜೀವನದ ಮೊದಲ ಮತ. ಒಡೆಯರಿಗೂ ಒಂದು ಮತ, ಗೇಣಿದಾರರಿಗೂ ಒಂದು ಮತ. ಈ ಪಾತ್ರೆಯ ಅಳತೆಯನ್ನು ಮಾತ್ರ ಯಾರೂ ದೊಡ್ಡದು ಚಿಕ್ಕದು ಮಾಡುವಂತಿರಲಿಲ್ಲ.

ಗೋಪಾಲಗೌಡರ ಚುನಾವಣೆಗಳ ಬಗ್ಗೆ ಮಲೆನಾಡಿನಲ್ಲಿ ಒಂದು ಮಾತು ಇನ್ನೂ ಉಳಿದಿದೆ: ‘ಒಂದು ವೋಟು, ಒಂದು ನೋಟು.’ ಮತ ಹಾಕುವವರೇ ಖರ್ಚಿಗೆ ಒಂದು ರೂಪಾಯಿಯ ನೋಟನ್ನೂ ಕೊಡುವುದು. ಇವತ್ತು ನಮ್ಮಲ್ಲಿ ಚುನಾವಣೆ ಬಂದರೆ ಅಪ್ಪನ ಫೋನಿಗೆ ದಿನಕ್ಕೆ ಹತ್ತು ಮೆಸೇಜು ಬರುತ್ತದೆ, ಐದು ಡಾಲರ್ ಕೊಡಿ, ಹತ್ತು ಡಾಲರ್ ಕೊಡಿ ಎಂದು. ಅದೂ ಇದೂ ಒಂದೇ ಅಲ್ಲವೇ ಎಂದು ನೀವು ಕೇಳಬಹುದು. ಫೋನಿಗೆ ಬರುವುದನ್ನು ಯಾರು ಬರೆದಿದ್ದಾರೆ ಎಂದೇ ಗೊತ್ತಾಗುವುದಿಲ್ಲ. ಇವರು ಮನೆಯ ಬಾಗಿಲಿಗೆ ನಡೆದು ಬಂದು ಕೇಳುತ್ತಿದ್ದರು.

ಈಗ ವಿಧಾನಸಭೆಯ ಒಳಗೆ ಹೋಗೋಣ. ಆಗ ವಿಧಾನಸೌಧ ಇನ್ನೂ ಕಟ್ಟಿರಲಿಲ್ಲ. 1952ರ ಜೂನ್ 18ರಂದು ಸಭೆ ಸೇರಿದ್ದು ಹಳೆಯ ಪಬ್ಲಿಕ್ ಆಫೀಸ್ ಕಟ್ಟಡದಲ್ಲಿ, ಅಂದರೆ ಈಗಿನ ಕೆಂಪು ಬಣ್ಣದ ಹೈಕೋರ್ಟ್. ಕೆಂಗಲ್ ಹನುಮಂತಯ್ಯ ಮುಖ್ಯಮಂತ್ರಿ. ಗೋಪಾಲಗೌಡರ ಜೊತೆ ಬೆರಳೆಣಿಕೆಯ ಸಮಾಜವಾದಿಗಳು. ಮತಕ್ಕೆ ಹಾಕಿದರೆ ಸೋಲುವುದು ಖಂಡಿತ. ಹಾಗಾದರೆ ಮಾಡುವುದೇನು? ಮಾತನಾಡುವುದು. ಅವರು ಗೇಣಿದಾರರ ಬಗ್ಗೆ ಮಾತನಾಡಿದರು, ಉಳುವವನಿಗೇ ಭೂಮಿ ಸಿಗಬೇಕು ಎಂದು ಮಾತನಾಡಿದರು, ಸರ್ಕಾರದ ದುಂದುವೆಚ್ಚದ ಬಗ್ಗೆ ಮಾತನಾಡಿದರು. ಸದನದಲ್ಲಿ ಕೋಪಿಷ್ಠ ಎಂದೇ ಹೆಸರಾದರು.

ಭಾಷೆಯ ವಿಷಯವೂ ಇಲ್ಲೇ ಬರುತ್ತದೆ. ಸರ್ಕಾರದ ಕಾಗದ ಪತ್ರಗಳು, ಮಸೂದೆಗಳು ಇಂಗ್ಲಿಷಿನಲ್ಲಿ ಬರುತ್ತಿದ್ದವು. ಕಾಗೋಡಿನ ರೈತನ ಗದ್ದೆಯ ಬಗ್ಗೆ ಆಗುವ ತೀರ್ಮಾನ ಕಾಗೋಡಿನ ರೈತನಿಗೆ ಅರ್ಥವಾಗದ ಭಾಷೆಯಲ್ಲಿ ಇರುತ್ತಿತ್ತು. ಗೋಪಾಲಗೌಡರಿಗೆ ಕನ್ನಡ ಎಂದರೆ ಅಭಿಮಾನದ ಮಾತು ಮಾತ್ರ ಆಗಿರಲಿಲ್ಲ. ಅದೂ ಕೊಳಗದ ಹಾಗೆಯೇ ಒಂದು ಲೆಕ್ಕ. ಇಂಗ್ಲಿಷ್ ಬಲ್ಲವರು ಕೆಲವರೇ, ಅಧಿಕಾರ ಅವರ ಹತ್ತಿರವೇ ಉಳಿಯುತ್ತದೆ ಎಂಬುದು ಲೋಹಿಯಾ ಅವರ ವಾದ, ಗೋಪಾಲಗೌಡರದ್ದೂ ಅದೇ. ಮನೆಯಲ್ಲಿ ಅರ್ಧ ಇಂಗ್ಲಿಷ್ ಮಾತನಾಡಿ, ಭಾನುವಾರ ಕನ್ನಡ ತರಗತಿಗೆ ಬರುವ ನಮಗೆ ಇದನ್ನು ಓದುವಾಗ ಸ್ವಲ್ಪ ಮುಜುಗರವಾಗುತ್ತದೆ. ಆದರೆ ನಮ್ಮ ಅಜ್ಜಿ ಇಲ್ಲಿಗೆ ಬಂದಾಗ ಆಸ್ಪತ್ರೆಯಲ್ಲೋ ಬ್ಯಾಂಕಿನಲ್ಲೋ ಫಾರಂ ಹಿಡಿದುಕೊಂಡು ಸುಮ್ಮನೆ ಕೂತಿರುತ್ತಾರಲ್ಲ, ಅದನ್ನು ನೋಡಿದವರಿಗೆ ಗೋಪಾಲಗೌಡರು ಏನು ಹೇಳುತ್ತಿದ್ದರು ಎಂದು ತಿಳಿಯುತ್ತದೆ. ಕನ್ನಡವನ್ನು ರಾಜ್ಯದ ಆಡಳಿತ ಭಾಷೆ ಮಾಡುವ ಕಾನೂನು ಬಂದದ್ದು 1963ರಲ್ಲಿ.

1957ರ ಚುನಾವಣೆಯಲ್ಲಿ ಗೋಪಾಲಗೌಡರು ಸೋತರು. 1962ರಲ್ಲಿ ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದು ಮತ್ತೆ ಬಂದರು. ಅಷ್ಟು ಹೊತ್ತಿಗೆ ರಾಜ್ಯವೇ ಬದಲಾಗಿತ್ತು. 1956ರ ನವೆಂಬರ್ 1ರಂದು ಮುಂಬಯಿ, ಹೈದರಾಬಾದ್, ಮದ್ರಾಸ್ ಪ್ರಾಂತ್ಯಗಳ ಕನ್ನಡ ಜಿಲ್ಲೆಗಳು ಮತ್ತು ಕೊಡಗು ಎಲ್ಲ ಬಂದು ಸೇರಿದ್ದವು. ಆದರೆ ಹೆಸರು ಮಾತ್ರ ಮೈಸೂರು. ಹುಬ್ಬಳ್ಳಿಯವರೂ ಮೈಸೂರಿನವರು, ಮಂಗಳೂರಿನವರೂ ಮೈಸೂರಿನವರು! ಫ್ರೆಸ್ನೋ, ಲಾಸ್ ಏಂಜಲೀಸ್ ಎಲ್ಲ ಸೇರಿಸಿ ರಾಜ್ಯಕ್ಕೆ ಸ್ಯಾನ್ ಫ್ರಾನ್ಸಿಸ್ಕೋ ಎಂದು ಹೆಸರಿಟ್ಟರೆ ಹೇಗಿರುತ್ತದೆ, ಯೋಚಿಸಿ. ಹಳೆಯ ಮೈಸೂರಿನ ಎಷ್ಟೋ ಜನರಿಗೆ ತಮ್ಮ ಹೆಸರಿನ ಮೇಲೆ ಅಭಿಮಾನವಿತ್ತು, ಅದು ತಪ್ಪೂ ಅಲ್ಲ. ಉತ್ತರ ಕರ್ನಾಟಕದ ಅಂದಾನಪ್ಪ ದೊಡ್ಡಮೇಟಿಯವರು ಸದನದಲ್ಲಿ ಕರ್ನಾಟಕ ಎಂಬ ಹೆಸರಿಗಾಗಿ ಪಟ್ಟು ಹಿಡಿದರು. ಅವರಿಗೆ ಅದು ಸಹಜ. ಗೋಪಾಲಗೌಡರು ಹಳೆಯ ಮೈಸೂರಿನ ಜಿಲ್ಲೆಯವರೇ ಆಗಿದ್ದೂ ಅದನ್ನೇ ಕೇಳಿದರು. ಅದಕ್ಕೇ ನನಗೆ ಅವರ ಮಾತಿಗೆ ತೂಕ ಹೆಚ್ಚು ಅನ್ನಿಸುತ್ತದೆ.

ನೀವು ಇಲ್ಲಿಯವರೆಗೆ ಓದಿ ಒಂದು ಪ್ರಶ್ನೆ ಕೇಳಬಹುದು. ಇವರು ಮೂರು ಸಲ ಗೆದ್ದರು, ಸರಿ. ಮಂತ್ರಿಯಾಗಲಿಲ್ಲ. ಆಳುವ ಪಕ್ಷದಲ್ಲಿ ಒಂದು ದಿನವೂ ಕೂರಲಿಲ್ಲ. ತಾವೇ ಒಂದು ಕಾನೂನು ಮಾಡಲಿಲ್ಲ. ಹಾಗಾದರೆ ಇವರು ಮಾಡಿದ್ದಾದರೂ ಏನು? ನಮ್ಮ ಅಪ್ಪ ಇದೇ ಪ್ರಶ್ನೆ ಕೇಳಿದರು, ಎಂಜಿನಿಯರ್ ಅಲ್ಲವೇ, ಅವರಿಗೆ ಔಟ್‌ಪುಟ್ ಬೇಕು.

ಅದೇ ತೀರ್ಥಹಳ್ಳಿ ತಾಲ್ಲೂಕಿನವರಾದ ಕಡಿದಾಳ್ ಮಂಜಪ್ಪನವರನ್ನು ಪಕ್ಕದಲ್ಲಿಟ್ಟು ನೋಡಿದರೆ ಉತ್ತರ ಸ್ವಲ್ಪ ಸಿಗುತ್ತದೆ. ಮಂಜಪ್ಪನವರು ಕಾಂಗ್ರೆಸ್ಸಿನವರು, ಕಂದಾಯ ಮಂತ್ರಿಯಾಗಿದ್ದರು, 1956ರಲ್ಲಿ ಎರಡು ತಿಂಗಳಿಗೂ ಸ್ವಲ್ಪ ಹೆಚ್ಚು ಕಾಲ ಮುಖ್ಯಮಂತ್ರಿಯೂ ಆಗಿದ್ದರು. ಪ್ರಾಮಾಣಿಕರು, ಗೇಣಿದಾರರ ಪರವಾಗಿ ಸರ್ಕಾರದ ಒಳಗಿನಿಂದ ಕೆಲಸ ಮಾಡಿದವರು. 1961ರಲ್ಲಿ ಒಂದು ಭೂ ಸುಧಾರಣೆ ಕಾನೂನು ಬಂತು. ಆದರೆ ಅದು ಜಾರಿಯಾದದ್ದು 1965ರಲ್ಲಿ. ಸ್ವಂತ ಸಾಗುವಳಿ ಮಾಡುತ್ತೇವೆ ಎಂದು ಒಡೆಯರು ಜಮೀನು ವಾಪಸ್ ಪಡೆಯಲು ಅದರಲ್ಲಿ ದಾರಿ ಇತ್ತು. ಒಳಗಿನಿಂದ ಕೆಲಸ ಮಾಡಿದಾಗ ಆಗುವುದು ಇಷ್ಟೇ ಎಂದು ನಾನು ಹೇಳುವುದಿಲ್ಲ. ಆದರೆ ‘ಇಷ್ಟು ಸಾಲದು’ ಎಂದು ಹೊರಗಿನಿಂದ ಪ್ರತಿ ದಿನ ಕೂಗುವವರು ಇಲ್ಲದಿದ್ದರೆ ಅಷ್ಟಕ್ಕೇ ನಿಂತುಬಿಡುತ್ತಿತ್ತು ಎಂಬುದು ನನ್ನ ಅಭಿಪ್ರಾಯ. ಅಪ್ಪ ಇನ್ನೂ ಒಪ್ಪಿಲ್ಲ.

ಗೋಪಾಲಗೌಡರ ಸುತ್ತ ಹುಡುಗರ ಒಂದು ಗುಂಪೇ ಇತ್ತು. ಜೆ.ಎಚ್. ಪಟೇಲ್, ಎಸ್. ಬಂಗಾರಪ್ಪ ಇಬ್ಬರೂ ಆಮೇಲೆ ಮುಖ್ಯಮಂತ್ರಿಗಳಾದರು. ಲೇಖಕರಾದ ಯು.ಆರ್. ಅನಂತಮೂರ್ತಿ, ಪಿ. ಲಂಕೇಶ್, ಪೂರ್ಣಚಂದ್ರ ತೇಜಸ್ವಿ ಇವರೆಲ್ಲರ ಮೇಲೂ ಅವರ ಪ್ರಭಾವವಿತ್ತು. ಅವರ ಜೀವನದಿಂದ ಪ್ರೇರಣೆ ಪಡೆದು ಅನಂತಮೂರ್ತಿಯವರು ‘ಅವಸ್ಥೆ’ ಎಂಬ ಕಾದಂಬರಿ ಬರೆದರು. ಅದು ಸಿನಿಮಾ ಕೂಡ ಆಯಿತು, ಅನಂತ್ ನಾಗ್ ಅದರಲ್ಲಿ ಮುಖ್ಯ ಪಾತ್ರ ಮಾಡಿದ್ದಾರೆ. (ಚಿಕ್ಕವರು ಈಗಲೇ ನೋಡಬೇಡಿ, ಬೇಜಾರಾಗುತ್ತದೆ. ಅಪ್ಪ ಅಮ್ಮಂದಿರು ನೋಡಬಹುದು.)

ಕೊನೆಯ ವರ್ಷಗಳಲ್ಲಿ ಗೋಪಾಲಗೌಡರ ಆರೋಗ್ಯ ಕೆಟ್ಟಿತು. 1972ರ ಜೂನ್ 9ರಂದು ತೀರಿಕೊಂಡರು. ವಯಸ್ಸು 49 ಮಾತ್ರ. ಶಿಕ್ಷಕಿಯಾಗಿದ್ದ ಹೆಂಡತಿ ಸೋನಕ್ಕ ಮತ್ತು ಚಿಕ್ಕ ಮಕ್ಕಳು ಉಳಿದರು. ಮೂರು ಸಲ ಶಾಸಕರಾಗಿದ್ದವರು ಮನೆಯವರಿಗಾಗಿ ಆಸ್ತಿ ಮಾಡಿಟ್ಟಿರಲಿಲ್ಲ.

ಆಮೇಲೆ ಏನಾಯಿತು ನೋಡಿ. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂತು. ಅವರು ಹೋಗಿ ಒಂದೂವರೆ ವರ್ಷವೂ ಆಗಿರಲಿಲ್ಲ. ದೊಡ್ಡಮೇಟಿಯವರೂ ಅದೇ 1972ರಲ್ಲಿ ಹೋಗಿಬಿಟ್ಟಿದ್ದರು. ನಾವು ಪ್ರತಿ ನವೆಂಬರ್‌ನಲ್ಲಿ ಹಳದಿ ಕೆಂಪು ಬಾವುಟ ಹಿಡಿದು ಫೋಟೋ ತೆಗೆಸಿಕೊಳ್ಳುವ ಆ ಹೆಸರನ್ನು ಕೇಳಿದ ಇಬ್ಬರೂ ಅದನ್ನು ನೋಡಲಿಲ್ಲ.

1974ರ ಮಾರ್ಚ್ 1ರಂದು ದೇವರಾಜ ಅರಸರ ಸರ್ಕಾರದ ಭೂ ಸುಧಾರಣೆ ತಿದ್ದುಪಡಿ ಜಾರಿಗೆ ಬಂತು. ಈ ಸಲ ದಾರಿಗಳನ್ನು ಮುಚ್ಚಿದ್ದರು. ಗೇಣಿಗೆ ಕೊಟ್ಟ ಜಮೀನೆಲ್ಲ ಅಂದಿನಿಂದ ಸರ್ಕಾರದ್ದು. ಉಳುತ್ತಿದ್ದವರು ಏಳನೇ ನಂಬರ್ ಫಾರಂ ತುಂಬಿ ಅರ್ಜಿ ಹಾಕಿದರೆ ತಾಲ್ಲೂಕಿನ ನ್ಯಾಯಮಂಡಳಿ ವಿಚಾರಿಸಿ ಅವರ ಹೆಸರಿಗೆ ಮಾಡಿಕೊಡುತ್ತಿತ್ತು. ಮೊದಲಿಗೆ ಅಲ್ಲಿ ವಕೀಲರು ಬರುವಂತೆಯೇ ಇರಲಿಲ್ಲ, ರೈತನೇ ನಿಂತು ಹೇಳಬೇಕು. ಆದರೆ ‘ಈ ಗದ್ದೆ ನಾನೇ ಉಳುತ್ತಿದ್ದೆ’ ಎಂದು ತೋರಿಸುವುದು ಹೇಗೆ? 1951ರಲ್ಲಿ ಕಾಗೋಡಿನವರು ರಸೀದಿ ಕೊಡಿ ಎಂದು ಕೇಳಿದ್ದು ಯಾಕೆ ಎಂದು ನನಗೆ ಪೂರ್ತಿ ಅರ್ಥವಾದದ್ದು ಇದನ್ನು ಓದಿದಾಗ. ಒಂದು ತುಂಡು ಕಾಗದವಿದ್ದರೆ ಮಾತ್ರ ನೀವು ಅಲ್ಲಿ ಇದ್ದಿರಿ ಎಂಬುದಕ್ಕೆ ಸಾಕ್ಷಿ. ವೀಸಾ, ಗ್ರೀನ್ ಕಾರ್ಡು ಎಂದು ಫೈಲು ಜೋಪಾನ ಮಾಡುವ ನಮ್ಮ ಅಪ್ಪ ಅಮ್ಮಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಲಕ್ಷಾಂತರ ಜನರಿಗೆ ಭೂಮಿ ಸಿಕ್ಕಿತು. ಸಿಕ್ಕವರ ಕಥೆಯನ್ನು ಹೇಳಿ ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಈ ಪತ್ರಿಕೆ ಓದುವ ಮನೆಗಳಲ್ಲಿ ಕಳೆದುಕೊಂಡವರೂ ಇದ್ದಾರೆ. ನಮ್ಮ ಮನೆಯಲ್ಲೇ ಎರಡೂ ಕಡೆಯವರಿದ್ದಾರೆ. ಅಪ್ಪನ ಕಡೆಯ ಮುತ್ತಜ್ಜ ಗೇಣಿದಾರರು, ಅವರಿಗೆ ಎರಡು ಎಕರೆ ಗದ್ದೆ ಬಂತು. ಆ ಗದ್ದೆಯಿಂದಲೇ ಅಜ್ಜ ಕಾಲೇಜಿಗೆ ಹೋದರು. ಅಮ್ಮನ ಕಡೆಯವರ ಜಮೀನು ಹೋಯಿತು. ಅವರು ದೊಡ್ಡ ಒಡೆಯರೇನಲ್ಲ. ಮುತ್ತಜ್ಜ ತೀರಿಕೊಂಡ ಮೇಲೆ ಮುತ್ತಜ್ಜಿಗೆ ಉಳಲು ಆಗದೆ ಗೇಣಿಗೆ ಕೊಟ್ಟಿದ್ದರು. ಜಮೀನು ಹೋದ ಮೇಲೆ ಮಕ್ಕಳು ಓದಿ ಬೆಂಗಳೂರು ಸೇರಿದರು. ಅಮ್ಮನ ಮುಂದೆ ಗೋಪಾಲಗೌಡರ ಹೆಸರು ತೆಗೆದಾಗ ಅವರು ತಕ್ಷಣ ಏನೂ ಹೇಳಲಿಲ್ಲ. ಆಮೇಲೆ, ‘ಕಾನೂನು ಸರಿಯಾದದ್ದೇ. ಆದರೆ ಅಜ್ಜಿ ಆ ಗದ್ದೆಯ ದಾರಿಯಲ್ಲಿ ಮತ್ತೆ ನಡೆಯಲೇ ಇಲ್ಲ’ ಎಂದರು. ನಾನು ಎರಡನ್ನೂ ಬರೆಯುತ್ತಿದ್ದೇನೆ. ನನಗೆ ಕಾಗೋಡಿನವರ ಪರವೇ ನ್ಯಾಯ ಕಾಣುತ್ತದೆ, ಆದರೆ ಮುತ್ತಜ್ಜಿಯನ್ನು ಲೆಕ್ಕದಿಂದ ಬಿಡಲು ಮನಸ್ಸು ಬರುವುದಿಲ್ಲ.

ಊರಿಗೆ ಫೋನ್ ಮಾಡಿದಾಗ ನಿಮ್ಮ ಅಜ್ಜ ಅಜ್ಜಿಯರನ್ನೂ ಕೇಳಿ, 1974ರಲ್ಲಿ ನಮ್ಮ ಮನೆಯಲ್ಲಿ ಏನಾಯಿತು ಎಂದು. ಏಳನೇ ನಂಬರ್ ಫಾರಂ ಎಂದರೆ ಸಾಕು, ಅವರಿಗೆ ತಿಳಿಯುತ್ತದೆ. ಸಮಯ ಇಟ್ಟುಕೊಂಡು ಕೇಳಿ, ಉತ್ತರ ಉದ್ದ ಇರುತ್ತದೆ.

ಕಾಗೋಡಿನ ವಿಷಯ ಒಂದು ಉಳಿಯಿತು. ಗೋಪಾಲಗೌಡರು ತೀರಿಕೊಂಡ ವರ್ಷವೇ, 1972ರ ಚುನಾವಣೆಯಲ್ಲಿ, ಆ ಹಳ್ಳಿಯ ದೀವರ ಕುಟುಂಬದ ತಿಮ್ಮಪ್ಪ ಎಂಬವರು ಸಮಾಜವಾದಿ ಪಕ್ಷದಿಂದ ಸಾಗರದಲ್ಲಿ ಗೆದ್ದರು. ಊರಿನ ಹೆಸರೇ ಅವರ ಹೆಸರಿನ ಮುಂದೆ ಸೇರಿಕೊಂಡಿತು. ಕಾಗೋಡು ತಿಮ್ಮಪ್ಪನವರು 2013ರಲ್ಲಿ ವಿಧಾನಸಭೆಯ ಸ್ಪೀಕರ್ ಆದರು. 2016ರಲ್ಲಿ ಕಂದಾಯ ಮಂತ್ರಿಯಾದರು. ಯಾವ ಗದ್ದೆ ಯಾರ ಹೆಸರಿನಲ್ಲಿದೆ ಎಂದು ಬರೆದಿಡುವುದು ಆ ಇಲಾಖೆಯೇ.